ಟ್ರೇಯಲ್ಲಿ ಹರಿದ ಹೊಳೆ

ಭೂಗೋಳದ ಮೇಡಂಗೆ ನದಿಯ ಪಾಠವೆಂದರೆ ಪಂಚಪ್ರಾಣ. ಪುಸ್ತಕ ಮುಚ್ಚಿಸಿ, ದೊಡ್ಡ ಟ್ರೇಯಲ್ಲಿ ಮರಳು ತುಂಬಿ, ಒಂದು ಬದಿಯನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಮೇಲಿನಿಂದ ಚೊಂಬಿನಲ್ಲಿ ನೀರು ಸುರಿಯುವರು. ಹೊಳೆ ತಿರುಗುವ ಕಡೆ, ದಡದಲ್ಲೊಂದು ಬೆಂಕಿಪೊಟ್ಟಣದ ಮನೆ. ನೀರು ದಡ ಕೊರೆದು ಮನೆ ಉರುಳಿದಾಗ ಮಕ್ಕಳು ಚಪ್ಪಾಳೆ ತಟ್ಟಬೇಕು. ಅದು ವರ್ಷವರ್ಷದ ರೂಢಿ.

ಈ ವರ್ಷವೂ ಮನೆ ಉರುಳಿತು, ಚಪ್ಪಾಳೆ ಬಿತ್ತು.

"ನದಿ ಏನನ್ನೂ ತಾನೇ ಇಟ್ಕೊಳ್ಳಲ್ಲ ಮಕ್ಕಳೇ. ಹೊತ್ಕೊಂಡು ಹೋಗಿದ್ದನ್ನೆಲ್ಲ ಕೊನೇಲಿ ಇಳಿಸಿಬಿಡುತ್ತೆ," ಎಂದರು ಮೇಡಂ.

ಮುಂದಿನ ಬೆಂಚಿನ ಹುಡುಗಿ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಹೋದ ಮಳೆಗಾಲದ ಪ್ರವಾಹದಲ್ಲಿ ಅವಳ ಮನೆ ಅಜ್ಜಿಯ ಸಮೇತ ಕೊಚ್ಚಿಹೋಗಿತ್ತು. ಅಜ್ಜಿಯ ದೇಹ ಸಿಕ್ಕಿರಲಿಲ್ಲ. ಮೇಡಂಗೆ ಅದು ಆಗಷ್ಟೇ ನೆನಪಾಯಿತು. ಊರಿಗೆಲ್ಲ ಗೊತ್ತಿದ್ದ ವಿಷಯ! ತನ್ನ ಬುದ್ಧಿಗೆ ಅದೇನು ಮಂಕು ಕವಿದಿತ್ತೋ!

ಗಂಟೆ ಹೊಡೆಯಿತು, ಎಲ್ಲರೂ ಹೊರಗೆ ಓಡಿದರು. ಹುಡುಗಿ ಹೋಗಲಿಲ್ಲ. ಟ್ರೇಯ ತುದಿಯಲ್ಲಿ ಬೀಸಣಿಗೆಯಂತೆ ಹರಡಿ ಕೂತಿದ್ದ ಮರಳನ್ನು ಬೆರಳಿನಿಂದ ಮೆಲ್ಲಗೆ ಕೆದಕಿ, ನೆನೆದ ಬೆಂಕಿಪೊಟ್ಟಣವನ್ನು ಎತ್ತಿ ಒರೆಸಿದಳು.

"ಮೇಡಂ, ನಮ್ ಹೊಳೆ ಇಳಿಸೋ ಜಾಗ ಎಲ್ಲಿದೆ? ಅಲ್ಲಿ ಯಾರೂ ಹುಡುಕಿಲ್ಲ."