ಹದಿನೆಂಟನೇ ಸುತ್ತು

ನಮ್ಮ ಲ್ಯಾಬಿನಲ್ಲಿ ರೋಗಿ ಯಾರು ಅಂತ ನಮಗೆ ಗೊತ್ತಾಗಬಾರದು. ಗಡ್ಡೆಯ ಚೂರು ಬರುತ್ತೆ, ಮೇಲೊಂದು ನಂಬರು, ತಾರೀಖು, ಅಷ್ಟೇ. ಆದರೆ ಆ ಮಂಗಳವಾರ ಮೇದೋಜ್ಜೀರಕ ಗ್ರಂಥಿಯ ಆಪರೇಷನ್ ಆಗಿದ್ದು ಒಬ್ಬರಿಗೇ, ನನ್ನ ಅಣ್ಣನಿಗೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರೋಕೆ ನಾನೇನು ಕಲ್ಲೇ?

ಆ ಚೂರಿನಿಂದ ಕ್ಯಾನ್ಸರಿನ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೇರೆ ಮಾಡಿದ್ದೂ ನಾನೇ. ಔಷಧಿ ಬಿದ್ದಾಗ ಮಿಕ್ಕ ಕೋಶಗಳು ಸಾಯುತ್ತವೆ, ಈ ಪಾಪಿಗಳು ಉಳಿದುಕೊಂಡು ಮತ್ತೆ ಗಡ್ಡೆ ಬೆಳೆಸುತ್ತವೆ. ಅವುಗಳೊಳಗೆ ಒಂದು ಆರ್‌ಎನ್‌ಎ ಇದೆ. ಪ್ರೋಟೀನ್ ಮಾಡೋದಿಲ್ಲ ಅಂತ ಅದನ್ನು ದಂಡಪಿಂಡ ಅಂದುಕೊಂಡಿದ್ದೆವು. ನೋಡಿದರೆ ಆ ಕೋಶಗಳನ್ನು ಕಾಯ್ತಾ ಕೂತಿರೋದೇ ಅದು. ಅದು ಎಷ್ಟಿದೆ ಅಂತ ಅಳೆಯೋ ಯಂತ್ರ ಅದನ್ನು ಸುತ್ತು ಸುತ್ತಿಗೂ ದುಪ್ಪಟ್ಟು ಮಾಡುತ್ತಾ ಹೋಗುತ್ತೆ. ಮೊದಲೇ ಜಾಸ್ತಿ ಇದ್ದರೆ ಬೇಗ ಕಾಣುತ್ತೆ. ಬೇರೆಯವರದು ಇಪ್ಪತ್ತೆಂಟು, ಮೂವತ್ತನೇ ಸುತ್ತಿಗೆ ಕಂಡಿತ್ತು. ಅಣ್ಣನದು ಹದಿನೆಂಟಕ್ಕೇ ಕಂಡಿತು. ಎಲ್ಲರ ಆಪರೇಷನ್ ತಾರೀಖು, ಸುತ್ತಿನ ಲೆಕ್ಕ ಇದ್ದ ಕಾಗದವನ್ನು ಪ್ರಿಂಟ್ ತೆಗೆದುಕೊಂಡೆ.

ಆ ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು ಅವನ ಮನೆಗೆ ಹೋದೆನಲ್ಲ, ನನ್ನ ಬುದ್ಧಿಗಿಷ್ಟು! ಪೆನ್ನು ಹುಡುಕುತ್ತಾ ಅಣ್ಣ ಅದನ್ನೇ ಹೊರಗೆ ತೆಗೆದ. ಆಪರೇಷನ್ ತಾರೀಖು ನೋಡಿ, “ಇದು ನಂದಾ?” ಅಂದ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ, ಹೌದು ಅಂತ ತಲೆಯಾಡಿಸಿದೆ.

“ನೋಡೇ ಇಲ್ಲಿ,” ಅಂತ ಅತ್ತಿಗೆಯನ್ನ ಕರೆದ. “ಎಲ್ಲರದೂ ಮೂವತ್ತರ ಹತ್ತಿರ, ನಂದು ಬರೀ ಹದಿನೆಂಟು.”

ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಯಾವುದೇ ಆಗಲಿ, ಕಡಿಮೆ ಬಂದರೆ ಗೆದ್ದ ಹಾಗೆ ಅಂತ ಬೆಳೆದ ಮನೆ ನಮ್ಮದು. ಅತ್ತಿಗೆ ಕಣ್ಣೊರೆಸಿಕೊಂಡು ನಕ್ಕರು. ನಾಲ್ಕು ತಿಂಗಳಾದ ಮೇಲೆ ಅವರ ಮುಖದಲ್ಲಿ ನಗು ಕಂಡಿದ್ದು ಅವತ್ತೇ. ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಎರಡು ದಿನ ಬಿಟ್ಟು ಅತ್ತಿಗೆಯೇ ಫೋನ್ ಮಾಡಿದರು. “ನಾಳೆ ಕೀಮೋ ಇಂಜೆಕ್ಷನ್ ಬೇಡ ಅಂತ ನಿಮ್ಮಣ್ಣ ಆಸ್ಪತ್ರೆಗೆ ಹೇಳಿಬಿಟ್ರು ಕಣೇ. ನಂಬರು ಇಷ್ಟು ಚೆನ್ನಾಗಿರುವಾಗ ಆ ವಾಂತಿ, ಸುಸ್ತು ಯಾಕಂತೆ.”

ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡಿದೆ. ಬಸ್ ಓಡಿಸೋ ಅಣ್ಣ ಬಾಗಿಲಲ್ಲಿ ಕೂತು ಡ್ಯೂಟಿಯ ಬೂಟಿಗೆ ಪಾಲಿಶ್ ಹಾಕುತ್ತಿದ್ದ.

“ಅಣ್ಣ, ಆ ನಂಬರು ಕಡಿಮೆ ಇದ್ದಷ್ಟೂ ಗಡ್ಡೆನ ಔಷಧಿಯಿಂದ ಕಾಯೋ ವಸ್ತು ಜಾಸ್ತಿ. ನಿಂದೇ ಎಲ್ಲರಿಗಿಂತ ಜಾಸ್ತಿ.”

ಬ್ರಷ್ ನಿಂತಿತು. “ಅಂದ್ರೆ ಔಷಧಿ ನಾಟಲ್ವಾ?”

“ಗೊತ್ತಿಲ್ಲ. ನಮ್ಮದು ಇನ್ನೂ ಸಂಶೋಧನೆ, ಡಾಕ್ಟರೂ ಅದನ್ನ ನೋಡಿ ತೀರ್ಮಾನ ಮಾಡಲ್ಲ. ಆದ್ರೆ ಇಂಜೆಕ್ಷನ್ ಬಿಟ್ರೆ ಗಡ್ಡೆಗೆ ನಾವೇ ಬಾಗಿಲು ತೆಗೆದುಕೊಟ್ಟ ಹಾಗೆ.”

“ಎರಡು ದಿನ ನಮ್ಮನ್ನ ನಗೋಕೆ ಬಿಟ್ಯಲ್ಲೇ.”

“ಹೇಳೋಕೆ ಹೆದರಿಕೆ ಆಯ್ತಣ್ಣ.”

ಒಳಗೆ ಅತ್ತಿಗೆ ಏನೋ ಗುನುಗುತ್ತಾ ಪಾತ್ರೆ ತೊಳೆಯುತ್ತಿದ್ದರು. ಅಣ್ಣ ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡ. ಆಮೇಲೆ ದನಿ ತಗ್ಗಿಸಿದ.

“ಅವಳಿಗೆ ಹೇಳಬೇಡ. ಆಸ್ಪತ್ರೆಗೆ ಫೋನ್ ಮಾಡಿ ಬರ್ತೀನಿ ಅಂತೀನಿ. ನೀನೂ ಜೊತೆಗೆ ಬಾ, ಒಬ್ಬನೇ ಹೋಗೋಕೆ ನಂಗೆ ಭಯ.”