ಅರ್ಥವಿಲ್ಲದ ಪದಗಳ ಪುಟ

ಕುರ್ಚಿ ತೀರಾ ಗಿಡ್ಡ, ಮೊಣಕಾಲು ಮೇಜಿನ ಅಂಚಿಗೆ ತಾಗುತ್ತಿದೆ, ನೆಲಕ್ಕೆ ಉಜ್ಜಿದ ಮೇಣದ ವಾಸನೆ — ಎಲ್ಲ ಶಾಲೆಗಳಿಗೂ ಇದೊಂದೇ ವಾಸನೆಯೇನೋ, ಇಪ್ಪತ್ತೈದು ವರ್ಷದ ಹಿಂದೆ ಕರಿಹಲಗೆಯ ಮುಂದೆ ಭಾಗಾಕಾರ ತಪ್ಪಿ ನಿಂತಾಗ ಡೀನಾಳ ಮೂಗಿಗೆ ಅಡರಿದ್ದೂ ಇದೇ, ಇಡೀ ತರಗತಿ ನಕ್ಕಿತ್ತು, ಟೀಚರೂ ನಕ್ಕಿದ್ದರು, ಅದಕ್ಕೇ ಅಲ್ಲವೇ ಮಗಳು ಹ್ಯಾಟಿಯನ್ನು ಶಾಲೆಗೆ ಹಾಕದೆ ಮೂರು ವರ್ಷ ಅಡುಗೆಮನೆಯ ಮೇಜಿನ ಮೇಲೇ ಕಲಿಸಿದ್ದು. ಈಗ ಗಂಡ ರಸ್ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದೆ, ಆಗಸ್ಟಿನಿಂದ ತಾನು ವೃದ್ಧಾಶ್ರಮದ ಕೆಲಸಕ್ಕೆ ಹೋಗಲೇಬೇಕು, ಮಗಳು ಇಲ್ಲಿಗೆ ಬರಲೇಬೇಕು, ಬರಲಿ, ಆದರೆ ಕಣ್ಣು ಮುಚ್ಚಿಕೊಂಡು ಒಪ್ಪಿಸುವುದಿಲ್ಲ, ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ, ಒಂದೊಂದು ಪುಟವನ್ನೂ ನೋಡಿಯೇ ತೀರುತ್ತೇನೆ — ನೀನೇನು ಶಾಲೆ ಸೇರಿಸೋಕೆ ಹೋಗ್ತಿದ್ದೀಯೋ ಶಾಲೆಗೇ ಪರೀಕ್ಷೆ ಇಡೋಕೆ ಹೋಗ್ತಿದ್ದೀಯೋ ಅಂತ ರಸ್ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೆಣಕಿದ, ಎರಡೂ ಅಂದಿದ್ದಳು. ಕೈಚೀಲದಲ್ಲಿ ಪತ್ರವಿದೆ, ಮೂರು ಸಲ ತಿದ್ದಿ ಬರೆದದ್ದು, ಎಂಟು ವರ್ಷದ ನನ್ನ ಮಗಳನ್ನು ಮೂರನೆಯ ತರಗತಿಗಲ್ಲ, ನಾಲ್ಕನೆಯದಕ್ಕೇ ಸೇರಿಸಿಕೊಳ್ಳಬೇಕಾಗಿ ಕೋರಿಕೆ, ಓದುವುದರಲ್ಲಿ ಅವಳು ವಯಸ್ಸಿಗಿಂತ ಬಹಳ ಮುಂದಿದ್ದಾಳೆ. ಅಗೋ ಕೇಳಲಿ ಎಲ್ಲರೂ, ಜಮಖಾನದ ಮೇಲೆ ಕೂತು ಹ್ಯಾಟಿ ಬಾತುಕೋಳಿಯ ಪುಸ್ತಕ ಓದುತ್ತಿದ್ದಾಳೆ, ಮನೆಯಲ್ಲೂ ಇರುವ ಪುಸ್ತಕ, ಎಲ್ಲಿ ತಗ್ಗಿಸಬೇಕೋ ಅಲ್ಲಿ ದನಿ ತಗ್ಗಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಕಿಟಕಿಯ ಹತ್ತಿರ ಗಿಡಗಳಿಗೆ ನೀರು ಹಾಕುತ್ತಿರುವ ಟೀಚರ್ ಮಿಸೆಸ್ ಪ್ರುಯಿಟ್‌ಗೆ ಕೇಳಿಸುತ್ತಿರಬೇಕು, ಕೇಳಿಸಲಿ.

ಮಿಸೆಸ್ ಪ್ರುಯಿಟ್ ತಂದಿಟ್ಟ ಪಠ್ಯಕ್ರಮದ ಕಡತ ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ, ಮೊದಲನೆ ಕ್ಲಾಸಿಂದ ಐದರ ತನಕ ಎಲ್ಲಾ ಇದರಲ್ಲೇ ಇದೆ, ನಿಧಾನಕ್ಕೆ ನೋಡಿ, ನನಗೇನೂ ಅವಸರ ಇಲ್ಲ ಅಂದರು, ಗಣಿತ ಪರವಾಗಿಲ್ಲ, ಚರಿತ್ರೆ ತೆಳು, ಹೊರಗೆ ಆಡುವ ಹೊತ್ತು ಕಮ್ಮಿ, ಡೀನಾ ಗುರುತು ಹಾಕಿಕೊಳ್ಳುತ್ತಾಳೆ, ಪುಟ ತಿರುವುತ್ತಾಳೆ, ತಿರುವಿದವಳ ಕೈ ನಿಲ್ಲುತ್ತದೆ — ಇದೇನಿದು, ವಿಬ್, ಟ್ರಾಗ್, ಸ್ಲೆಬ್, ಮೋಫ್, ಹೀಗೆ ಇಪ್ಪತ್ತು ಸಾಲು, ಮಕ್ಕಳಿಗೆ ಇಂಥ ಹುಚ್ಚು ಪದಗಳನ್ನು ಕಲಿಸುತ್ತಾರೆಯೇ, ಇದನ್ನು ರಸ್‌ಗೆ ತೋರಿಸಬೇಕು. ಮೇಡಂ, ಈ ಪದಗಳಿಗೆ ಅರ್ಥವೇ ಇಲ್ವಲ್ಲ. ಬೇಕಂತಲೇ ಹಾಗೆ ಮಾಡಿದ್ದು, ಅಂದರು ಮಿಸೆಸ್ ಪ್ರುಯಿಟ್, ಗೊತ್ತಿರೋ ಪದ ಆದ್ರೆ ಮಕ್ಕಳು ನೆನಪಿನಿಂದ ಹೇಳಿಬಿಡ್ತಾರೆ, ಇದನ್ನ ಅಕ್ಷರ ಕೂಡಿಸಿಯೇ ಓದ್ಬೇಕು, ಮೊದಲನೆ ಕ್ಲಾಸ್ ಮುಗಿಯೋ ಹೊತ್ತಿಗೆ ಬರಬೇಕಾದ್ದು. ಮೊದಲನೆ ಕ್ಲಾಸಿನದೇ, ಡೀನಾಳಿಗೆ ನಗು, ಹ್ಯಾಟಿ, ಬಾ ಪುಟ್ಟಿ, ಸುಮ್ನೆ ತಮಾಷೆಗೆ ಇದೊಂದು ಓದು, ಹ್ಯಾಟಿ ಕುಣಿಯುತ್ತಾ ಬಂದಳು, ಬೆರಳನ್ನು ಮೊದಲ ಪದದ ಕೆಳಗಿಟ್ಟಳು, ತಲೆಯೆತ್ತಿ ಅಮ್ಮನ ತುಟಿಗಳನ್ನು ನೋಡಿದಳು. ಮೊದಲು ನೀನು ಒಂದ್ಸಲ ಓದಮ್ಮ, ಆಮೇಲೆ ನಾನು ಓದ್ತೀನಿ.

ಇಲ್ಲ, ಪದಗಳೇ ಹುಚ್ಚು, ಮಗು ಗಾಬರಿಯಾಗಿದೆ ಅಷ್ಟೆ, ಡೀನಾ ಬೇರೆ ಪುಟ ತೆಗೆಯುತ್ತಾಳೆ, ಚಿತ್ರವಿಲ್ಲದ ಎಂಟು ಸಾಲಿನ ಪಾಠ, ಮಳೆನೀರು ಅಳೆಯುವ ಡಬ್ಬಿ ಮಾಡುವುದು ಹೇಗೆ ಅಂತ, ಇದನ್ನು ಓದು, ಹ್ಯಾಟಿಯ ಬೆರಳು ಸರಾಗವಾಗಿ ಹರಿಯಿತು, ಎಡದಿಂದ ಬಲಕ್ಕೆ, ಮತ್ತೆ ಕೆಳಗಿನ ಸಾಲಿಗೆ, ಎಲ್ಲೂ ತಡವರಿಸದೆ — ಒಂದು ಕಾಡಲ್ಲಿ ಒಂದು ನರಿ ಇತ್ತು, ಅದಕ್ಕೆ ತುಂಬಾ ಹಸಿವಾಗಿತ್ತು — ಆ ದನಿ ಡೀನಾಳದೇ, ಮಲಗಿಸುವಾಗ ಕಥೆ ಓದುವ ಅವಳದೇ ದನಿ, ಪುಟದಲ್ಲಿ ನರಿಯೇ ಇಲ್ಲ, ಹಸಿವೂ ಇಲ್ಲ, ಡಬ್ಬಿ ಇದೆ, ಅಳತೆಪಟ್ಟಿ ಇದೆ, ಬೆರಳು ಹರಿಯುತ್ತಲೇ ಇದೆ, ಈಸ್ಟರ್ ದಿನ ಚರ್ಚಿನಲ್ಲಿ ಇವಳು ಬೈಬಲ್ ವಾಕ್ಯ ಓದಿದಾಗ ಹಾಳೆ ಮಗುಚಿದ ಮೇಲೂ ಹಿಂದಿನ ಪುಟದ ಎರಡು ಸಾಲು ಹೇಳಿದಳು, ಎಲ್ಲರೂ ಮುದ್ದಿನಿಂದ ನಕ್ಕರು, ಡೀನಾಳೂ ನಕ್ಕಳು, ಅಜ್ಜಿಯ ಕಾಗದ ಬಂದರೆ ನೀನೇ ಓದಮ್ಮ, ನೀನು ಓದಿದ್ರೆ ಅಜ್ಜಿ ಮಾತಾಡಿದ ಹಾಗಿರುತ್ತೆ ಅಂತಿದ್ದಳು ಹ್ಯಾಟಿ, ಡೀನಾ ಅದಕ್ಕೂ ಹಿಗ್ಗಿದ್ದಳು, ಹೊಸ ಪುಸ್ತಕ ತಂದರೆ ಮೊದಲು ನೀನು, ಪ್ರತಿಸಲವೂ ಮೊದಲು ನೀನು, ಮೂರು ವರ್ಷ, ದಿನಾ ಬೆಳಿಗ್ಗೆ, ಮೆಕ್ಕೆಜೋಳದ ಬ್ರೆಡ್ಡಿನ ಪುಡಿ ಒರೆಸಿದ ಮೇಜಿನ ಮೇಲೆ, ಆಗೆಲ್ಲ ಈ ಮಗುವಿನ ಕಣ್ಣು ಎಲ್ಲಿರುತ್ತಿತ್ತು, ಪುಸ್ತಕದ ಮೇಲೋ ತನ್ನ ಬಾಯಿಯ ಮೇಲೋ, ತಾನೊಮ್ಮೆಯೂ ನೋಡಲಿಲ್ಲವೇ. ಹ್ಯಾಟಿ, ಇಲ್ಲಿ ನರಿ ಅಂತ ಎಲ್ಲಿದೆ ತೋರಿಸು. ಎಲ್ಲಾ ಕಡೆ ಇದೆಯಲ್ಲಮ್ಮ. ಪುಟ್ಟಿ, ನೀನು ಅಕ್ಷರ ನೋಡಿ ಓದ್ತಾ ಇದ್ದೀಯಾ. ಹ್ಯಾಟಿಗೆ ಅಂಜಿಕೆಯಿಲ್ಲ, ಆಶ್ಚರ್ಯ ಮಾತ್ರ, ನೀನು ಹೇಳಿದ್ದನ್ನ ನೆನಪಿಟ್ಕೋತೀನಿ, ಹೊಸದಾದ್ರೆ ಚೆನ್ನಾಗಿರೋದು ಹೇಳ್ತೀನಿ, ಓದೋದು ಅಂದ್ರೆ ಅದೇ ಅಲ್ವಾ, ಎಲ್ಲರೂ ಹಾಗೇ ಓದೋದು ಅಂದ್ಕೊಂಡಿದ್ದೆ.

ನೀರಿನ ಸದ್ದು ನಿಂತಿದೆ, ಮಿಸೆಸ್ ಪ್ರುಯಿಟ್ ನಗುತ್ತಾರೆ, ಈಗ ನಗುತ್ತಾರೆ ಅಂತ ಡೀನಾ ಕಾದಳು, ಎದ್ದು ಹೋಗಿಬಿಡಬಹುದು, ಶಾಲೆ ಸರಿಯಿಲ್ಲ ಅಂತ ರಸ್‌ಗೆ ಹೇಳಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಕೈ ಆಗಲೇ ಚೀಲ ಎಳೆದುಕೊಂಡಿದೆ, ಒಳಗೆ ಆ ಪತ್ರ — ಮೇಡಂ, ಇವಳಿಗೆ ಓದೋಕೆ ಬರಲ್ಲ, ಅಂದದ್ದು ತನ್ನದೇ ಬಾಯಿ. ಅವರು ನಗಲಿಲ್ಲ, ಇನ್ನೊಂದು ಗಿಡ್ಡ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು, ಮಕ್ಕಳು ಚುರುಕಾಗಿದ್ದಷ್ಟೂ ಗೊತ್ತಾಗೋದು ತಡ, ನನ್ನ ಕ್ಲಾಸಲ್ಲೇ ಕೂತಿದ್ದ ಒಬ್ಬಳು ವರ್ಷವಿಡೀ ನನ್ನ ಕಣ್ಣು ತಪ್ಪಿಸಿದ್ಲು, ಬೇಸಿಗೆ ಪೂರ್ತಿ ಇದೆಯಲ್ಲ, ವಾರಕ್ಕೆ ಮೂರು ದಿನ ಕರ್ಕೊಂಡು ಬನ್ನಿ, ನಾನಿರ್ತೀನಿ. ಬರ್ತೀವಿ, ಅಂದಳು ಡೀನಾ. ಇಡೀ ಬೇಸಿಗೆ, ಮೊದಲ ಅಕ್ಷರದಿಂದ, ರಸ್‌ಗೆ ಏನು ಹೇಳುವುದು, ಹೇಗೆ ಹೇಳುವುದು, ಹ್ಯಾಟಿ ಮೆಲ್ಲಗೆ ಕಡತದ ಹಾಳೆ ಹಿಂದಕ್ಕೆ ತಿರುವಿದ್ದಾಳೆ, ಆ ಪುಟವನ್ನೇ ಹುಡುಕಿ, ಅಮ್ಮನಿಗೆ ಬೇಸರವಾಗಿದೆ, ಸರಿಮಾಡಬೇಕು ಅನ್ನುವಂತೆ ಬೆರಳು ಮೊದಲ ಪದದ ಕೆಳಗೆ ಬಂದು ನಿಂತಿದೆ, ಡೀನಾ ಆ ಪದ ಹೇಳಿಕೊಡಲು ಉಸಿರೆಳೆದುಕೊಂಡು ಬಾಯಿ ತೆರೆಯುತ್ತಾಳೆ, ತೆರೆದ ಬಾಯಿ ಹಾಗೇ ಇದೆ, ಹ್ಯಾಟಿಯ ಕಣ್ಣು, ಬೂದುಬಣ್ಣದ ಎರಡು ಕಣ್ಣು, ಪುಟದ ಮೇಲಲ್ಲ, ಅಮ್ಮನ ತುಟಿಗಳ ಮೇಲೆ, ರೆಪ್ಪೆ ಮಿಟುಕಿಸದೆ, ಕಾಯುತ್ತಾ