ಖರೀದಿ ಉಪವಾಸ

ಈ ದೀಪಾವಳಿಗೆ ನನ್ನ ತಮ್ಮ ಕಾಶೀನಾಥನಿಗೆ ಹೊಸ ಹುಚ್ಚು ಹಿಡಿದಿತ್ತು. ಹಬ್ಬ ಬಂತೆಂದು ಜನ ಕಂಡದ್ದನ್ನೆಲ್ಲ ಕೊಳ್ಳುತ್ತಾರೆ, ನಮ್ಮ ಮನೆಯಲ್ಲಿ ಹಾಗಾಗಬಾರದು ಎಂದು ಹೆಂಡತಿ ದಾನೇಶ್ವರಿಗೂ ಮಗಳು ಪ್ರೀತಿಗೂ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ್ದ. ಏನೇ ಬೇಕೆನಿಸಿದರೂ ಹಬ್ಬ ಮುಗಿಯುವ ತನಕ ಸುಮ್ಮನಿರಬೇಕು, ಆಮೇಲೂ ಬೇಕೆನಿಸಿದರೆ ನೋಡೋಣ. ಇದಕ್ಕೆ ಖರೀದಿ ಉಪವಾಸ ಎಂದು ಹೆಸರು ಬೇರೆ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಹೆಸರಿಡುವುದನ್ನು ಯಾರು ಕಲಿಸಬೇಕು.

ನಾನು ಎಂದಿನಂತೆ ರಾವೂರಿನ ಗಂಡನ ಮನೆಯಿಂದ ಸೇಡಂನ ತವರಿಗೆ ಬಂದಿದ್ದೆ. ದೀಪಾವಳಿಯಲ್ಲಿ ಅಕ್ಕ ತಮ್ಮನಿಗೆ ಆರತಿ ಬೆಳಗುತ್ತಾಳೆ, ತಮ್ಮ ತಟ್ಟೆಗೆ ಸೀರೆ ಹಾಕುತ್ತಾನೆ. ಅಪ್ಪನ ತೊಗರಿ ಹೊಲದಲ್ಲಿ ನನಗೂ ಪಾಲಿದೆ, ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಹೊಲ ಬಿಡುವುದು ಆ ಸೀರೆಯ ಮುಖ ನೋಡಿಯೇ. ರಾವೂರಿನಲ್ಲಿ ನನ್ನ ಅತ್ತೆ ಹೊಸ್ತಿಲ ಮೇಲೆಯೇ ಕುಳಿತು ನನ್ನ ಚೀಲ ಕೆದಕುತ್ತಾಳೆ. ತವರಿನ ಸೀರೆ ಇಲ್ಲದೆ ಹೋದರೆ ಮುಂದಿನ ಹಬ್ಬದ ತನಕ ಅವಳ ಬಾಯಿ ಮುಚ್ಚುವುದಿಲ್ಲ.

ಹಬ್ಬದ ಹಿಂದಿನ ದಿನ ಕಾಶೀನಾಥ ಎಲ್ಲರನ್ನೂ ಬಜಾರಿಗೆ ಕರೆದೊಯ್ದ. ಏನೂ ಕೊಳ್ಳದೆ ಸುತ್ತಿ ಬರುವುದೇ ಪರೀಕ್ಷೆಯಂತೆ. ಪ್ರೀತಿ ಕಿತ್ತುಹೋದ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡಿದ್ದಳು. ಒಂದು ಅಂಗಡಿಯಲ್ಲಿ ಮಿಣಮಿಣ ಹೊಳೆಯುವ ಚಪ್ಪಲಿ ಕಂಡು ಹುಡುಗಿಯ ಕಾಲು ನಿಂತುಬಿಟ್ಟಿತು.

"ಬೇಕು ಅನಸ್ತದಲ್ಲ, ಆ ಅನಿಸೋದನ್ನ ನಿಂತು ನೋಡು. ತಾನೇ ಹೋಗ್ತದ," ಎಂದ ಕಾಶೀನಾಥ.

ಅಲ್ಲೇ ನಿಲ್ಲಿಸಿದ. ಹೋಗಿ ಬರುವವರೆಲ್ಲ ನೋಡುತ್ತಿದ್ದರು. ದಾನೇಶ್ವರಿ ಮುಖ ಆ ಕಡೆ ತಿರುಗಿಸಿಕೊಂಡಳು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತು, ಕೊನೆಗೆ "ಬ್ಯಾಡ ಪಪ್ಪಾ" ಎಂದಿತು.

"ಶಾಬಾಸ್, ಗೆದ್ದಿ ನೋಡು," ಎಂದು ಬೆನ್ನು ತಟ್ಟಿದ.

"ಕೂಸಿನ ಚಪ್ಪಲಿ ಕಿತ್ತಾವೋ ಕಾಶ್ಯಾ," ಎಂದೆ.

"ಅಕ್ಕಾ, ನೀ ನಡುವ ಬರಬ್ಯಾಡ."

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಮರುದಿನದ ಸೀರೆ ನೆನಪಾಗಿ ಹಲ್ಲು ಕಚ್ಚಿಕೊಂಡೆ.

ಮರುದಿನ ಅವನನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗಿದೆ. ಮಹಾರಾಯ ತಟ್ಟೆಗೆ ಎರಡು ಎಲೆ, ಒಂದು ಅಡಿಕೆ ಹಾಕಿ ಕೈ ಮುಗಿದ.

"ಸೀರಿ ಈಗ ಬ್ಯಾಡ ಅಕ್ಕಾ. ಉಡಲಾರದ ಸೀರಿ ನಿನ್ನ ಟ್ರಂಕಿನಾಗ ಭಾಳ ಅವ. ಹಬ್ಬ ಮುಗೀಲಿ, ಆಮ್ಯಾಲೂ ಬೇಕು ಅನಿಸಿದ್ರ ನೋಡೋಣ."

ನಾನು ತಟ್ಟೆ ಇಳಿಸಲಿಲ್ಲ. "ಒಂದು ಕುಬಸದ ಖಣ ಆದ್ರೂ ಹಾಕೋ. ನಮ್ಮತ್ತಿ ಎಂಥಾಕಿ ಅಂತ ನಿನಗ ಗೊತ್ತದ."

"ಮಂದಿ ಏನಂತಾರ ಅಂತನ ನಾವು ಹಾಳಾಗಾಕತ್ತೀವಿ. ಅದನ್ನೇ ಬಿಡಬೇಕು."

"ಮನ್ಯಾಗ ಎಲ್ಲಾರಿಗೂ ಒಂದೇ ನಿಯಮ ರೀ ಅಕ್ಕಾರ," ಎಂದು ದಾನೇಶ್ವರಿಯೂ ದನಿಗೂಡಿಸಿದಳು.

ನನಗೆ ಅಳು ಬಂತು. ಇವರ ಮುಂದೆ ಅಳಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ದೀಪ ತಾನಾಗಿ ಆರುವ ತನಕ ನಿಂತಿದ್ದು ತಟ್ಟೆಯನ್ನು ದೇವರ ಮುಂದಿಟ್ಟೆ.

ಊಟವಾದ ಮೇಲೆ ಕಾಶೀನಾಥ ಕಾಗದ, ಪೆನ್ನು ಹಿಡಿದು ಬಂದು ಪಕ್ಕದಲ್ಲಿ ಕುಳಿತ. ದನಿ ಬೆಣ್ಣೆಯಾಗಿತ್ತು.

"ಅಪ್ಪನ ಹೊಲಕ್ಕ ಗಿರಾಕಿ ಬಂದಾನ ಅಕ್ಕಾ. ಕಲ್ಲಿನ ಗಣಿ ಮಾಡಾವ, ಛಲೋ ರೇಟು. ನಿನ್ನ ಪಾಲು ಬ್ಯಾಡ ಅಂತ ಒಂದು ಸಹಿ ಹಾಕು. ಹಬ್ಬ ಮುಗಿದ ಕೂಡ್ಲೇ ರಜಿಸ್ಟ್ರಿ."

ನಾನು ಪೆನ್ನು ಇಸಿದುಕೊಂಡೆ. ಮುಚ್ಚಳ ಹಾಕಿದೆ.

"ಹೊಲ ಬೇಕು ಅನಸ್ತದಲ್ಲ ಕಾಶ್ಯಾ, ಆ ಅನಿಸೋದನ್ನ ನಿಂತು ನೋಡು. ತಾನೇ ಹೋಗ್ತದ."

ಪ್ರೀತಿ ಕಿಸಕ್ಕನೆ ನಕ್ಕಳು. ದಾನೇಶ್ವರಿ ಅವಳ ಬೆನ್ನಿಗೆ ಒಂದು ಬಿಗಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಕಾಶೀನಾಥ ಮೊದಲು ಹಲ್ಲುಕಿರಿದ. ಆಮೇಲೆ ನನ್ನ ಮುಖ ನೋಡಿ ಗಾಡಿ ಹತ್ತಿ ಬಜಾರಿಗೆ ಓಡಿದ. ಅಂಗಡಿಯಲ್ಲೇ ಭಾರಿಯಾದ ಇಳಕಲ್ ಸೀರೆ ತಂದು, ತಣ್ಣಗಾಗಿದ್ದ ಆರತಿ ತಟ್ಟೆಗೆ ತಾನೇ ಹಾಕಿದ. ಪ್ರೀತಿಯ ಚಪ್ಪಲಿ ಮಾತ್ರ ತಂದಿರಲಿಲ್ಲ.

"ಉಪವಾಸ ಮುರದಿಯಲ್ಲೋ," ಎಂದೆ. ಸೀರೆಯನ್ನು ಮುಟ್ಟದೆ ಚೀಲ ಎತ್ತಿಕೊಂಡು ಹೊರಟೆ. ಅವನು ಬಸ್ ಸ್ಟ್ಯಾಂಡಿನ ತನಕ "ಅಕ್ಕಾ, ಅಕ್ಕಾ" ಎನ್ನುತ್ತ ಹಿಂದೆಯೇ ಬಂದ. ನಾನು ತಿರುಗಿ ನೋಡಲಿಲ್ಲ.

ರಾವೂರಿನಲ್ಲಿ ಅತ್ತೆ ಹೊಸ್ತಿಲ ಮೇಲೆಯೇ ಇದ್ದಳು. ಚೀಲ ಕೆದಕಿದಳು, ತಲೆಕೆಳಗು ಮಾಡಿ ಕೊಡವಿದಳು.

"ಏನೂ ಹಾಕಲಿಲ್ಲೇನು ನಿನ್ನ ತಮ್ಮ?"

"ಹೊಲ ಹಾಕ್ಯಾನ್ರಿ," ಎಂದೆ. "ನನ್ನ ಪಾಲು ನನಗೇ ಉಳೀತು."

ಮುದುಕಿ ಎದ್ದು ದಾರಿ ಬಿಟ್ಟಳು. ಈ ಮನೆಗೆ ಬಂದಾಗಿನಿಂದ ಮೊದಲ ಸಲ ನನಗೆ ಚಹಾ ಮಾಡಿ ತಂದು, ಪಕ್ಕದಲ್ಲೇ ಕುಳಿತು ನನ್ನ ಮೊಣಕಾಲು ಸವರಿದಳು.

"ಅದನ್ನ ನನ್ನ ಮಗನ ಹೆಸರಿಗಿ ಯಾವಾಗ ಮಾಡ್ತಿ ನೀಲವ್ವಾ?"

ನಾನು ಚಹಾ ಪೂರ್ತಿ ಕುಡಿದು ಬಸಿ ಕೆಳಗಿಟ್ಟೆ.

"ಹಬ್ಬ ಮುಗೀಲಿ ರೀ ಅತ್ತಿ. ಆಮ್ಯಾಲೂ ಬೇಕು ಅನಿಸಿದ್ರ ನೋಡೋಣ."